ಅಜಂತಾಕ್ಕೆ ಹೊರಟ ಹಿಮ್ಮಡಿ

ಬೆಳಿಗ್ಗೆ ಮಂಚದಿಂದ ಇಳಿದು ಬಲಗಾಲು ಊರಿದ ಕೂಡಲೇ ಶಕುಂತಲಮ್ಮ "ಹಾ!" ಎಂದು ಮತ್ತೆ ಮಂಚದ ಮೇಲೆ ಕೂತುಬಿಟ್ಟರು. ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟಂತಾಗಿತ್ತು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಮುಳ್ಳು ಕಾಣಲಿಲ್ಲ. ಸೊಸೆ ರಶ್ಮಿತಾಳನ್ನು ಕರೆದರು. ಅವಳು ಫೋನಿನ ಬೆಳಕು ಬಿಟ್ಟು, ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಏನೂ ಇಲ್ಲ ಅತ್ತೆ. ಬಿರುಕೂ ಇಲ್ಲ."

"ಮತ್ತೆ ಚುಚ್ಚಿದ್ದು ಏನು?"

ಶಕುಂತಲಮ್ಮ ಗೋಡೆ ಹಿಡಿದು ಕುಂಟುತ್ತ ಅಡುಗೆಮನೆಗೆ ಹೋದರು. ಹಾಲು ಕಾಯಿಸಿ, ಚಹಾ ಸೋಸಿ, ತಮ್ಮ ಅತ್ತೆ ಕೊಟ್ರವ್ವನ ಪೂಜೆಗೆ ಹೂವು ಪತ್ರೆ ಜೋಡಿಸುವಷ್ಟರಲ್ಲಿ ನೋವು ಎಲ್ಲಿಗೋ ಹೋಗಿತ್ತು. ಮಲಗಿದಾಗ ನರ ಹೊರಳಿರಬೇಕು ಅಂದುಕೊಂಡು ಮರೆತರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಮುಳ್ಳು, ಅದೇ ಜಾಗ.

ಇದು ಎಂಥ ನೋವು ಎಂಬುದೇ ಅವರಿಗೆ ಬಗೆಹರಿಯಲಿಲ್ಲ. ದುಡಿದರೆ ಬರಬೇಕು, ಮಲಗಿದರೆ ಇಳಿಯಬೇಕು. ಅವರು ಕಂಡ ನೋವುಗಳೆಲ್ಲ ಹಾಗೇ ಇದ್ದವು. ಇದು ಮಲಗಿ ಎದ್ದರೆ ಬರುತ್ತಿತ್ತು, ನಾಲ್ಕು ಹೆಜ್ಜೆ ನಡೆದರೆ ಹೋಗುತ್ತಿತ್ತು. ಹಾಗಾದರೆ ನಡೆಯುವುದೇ ಮದ್ದು ಅಂದುಕೊಂಡು ಸಂಜೆ ಮಾರ್ಕೆಟ್ಟಿಗೆ ನಡೆದು ಹೋಗಿ ಬಂದರೆ, ಬಂದು ಕೂತು ಎದ್ದ ಮೇಲೆ ಮೆಟ್ಟಿಲು ಹತ್ತಲಾಗದಷ್ಟು ನೋವು. ದಾವಣಗೆರೆಯ ಮಂಡಿಪೇಟೆಯ ಆ ಮನೆಯಲ್ಲಿ ಮೆಟ್ಟಿಲು ತಪ್ಪುವಂತೆಯೂ ಇರಲಿಲ್ಲ. ಕೆಳಗೆ ಗಂಡ ಬಕ್ಕೇಶಪ್ಪನವರ ಒಣಮೆಣಸಿನಕಾಯಿ ಸಗಟು ಅಂಗಡಿ, ಮೇಲೆ ಮನೆ.

ಬೇರೆ ಸಮಯದಲ್ಲಾಗಿದ್ದರೆ ಅವರು ಹಿಮ್ಮಡಿಯ ಗೊಡವೆಗೇ ಹೋಗುತ್ತಿರಲಿಲ್ಲ. ಆದರೆ ಮುಂದಿನ ತಿಂಗಳು ಅಜಂತಾ, ಎಲ್ಲೋರಾಗಳಿಗೆ ಹೊರಡುವುದಿತ್ತು. ಹರಿಹರದ ನಿವೃತ್ತ ಮೇಷ್ಟ್ರುಗಳು, ಟೀಚರುಗಳು ಸೇರಿ ಒಂದು ಬಸ್ಸು ಗೊತ್ತುಮಾಡಿದ್ದರು. ಅವರಲ್ಲಿ ದ್ರಾಕ್ಷಾಯಣಮ್ಮ ಶಕುಂತಲಮ್ಮನ ಬಾಲ್ಯದ ಗೆಳತಿ. ಇಬ್ಬರೂ ಹರಿಹರದಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದ ದ್ರಾಕ್ಷಾಯಣಮ್ಮ ಸರ್ವೀಸು ಪೂರ್ತಿ ಅಜಂತಾದ ಪಾಠ ಮಾಡಿದ್ದರೇ ಹೊರತು ಅಜಂತಾ ನೋಡಿರಲಿಲ್ಲ. "ನೀ ಬಂದ್ರೆ ನಾ ಹೋಗ್ತೀನಿ" ಎಂದು ಪಟ್ಟು ಹಿಡಿದಿದ್ದರು.

ಶಕುಂತಲಮ್ಮ ಮದುವೆಯಾದ ಮೇಲೆ ಗಂಡನನ್ನು ಬಿಟ್ಟು ಹೋಗಿದ್ದೆಂದರೆ ತವರಿಗೆ, ಹೆರಿಗೆಗೆ, ಮದುವೆ ಮುಂಜಿಗೆ. ಊರು ನೋಡಲೆಂದು ಹೋಗಿದ್ದೇ ಇಲ್ಲ. ಗಂಡನನ್ನು ಕೇಳಿದಾಗ ಅವರು ಮೆಣಸಿನಕಾಯಿ ಸ್ಯಾಂಪಲ್ಲು ಮೂಸುತ್ತ "ಹೂಂ" ಅಂದಿದ್ದರು. ಬಕ್ಕೇಶಪ್ಪನವರ 'ಹೂಂ' ಒಪ್ಪಿಗೆಯೂ ಆಗಬಹುದಿತ್ತು, ಆಮೇಲೆ ನೋಡೋಣ ಎಂದೂ ಆಗಬಹುದಿತ್ತು, ಕೇಳಿಸಲೇ ಇಲ್ಲ ಎಂದೂ ಆಗಬಹುದಿತ್ತು. ಶಕುಂತಲಮ್ಮ ಅದನ್ನು ಒಪ್ಪಿಗೆ ಎಂದೇ ಇಟ್ಟುಕೊಂಡಿದ್ದರು.

ದ್ರಾಕ್ಷಾಯಣಮ್ಮ ಫೋನು ಮಾಡಿದರು. "ಶಕ್ಕೂ, ಅಲ್ಲಿ ಮೆಟ್ಲು ಭಾಳ ಐತಂತೆ. ಈಗಿಂದ್ಲೇ ವಾಕಿಂಗ್ ಶುರು ಮಾಡು."

ಕಾಲುನೋವಿನ ಸುದ್ದಿ ಹೇಳದೆ ಶಕುಂತಲಮ್ಮ ಮಗ ಶಿವಕುಮಾರನ ಜೊತೆ ಕುಂದವಾಡ ಕೆರೆಯ ಏರಿಗೆ ಹೋಗಿ ನಡೆದರು. ತಂಪು ಗಾಳಿ, ನೀರಹಕ್ಕಿ, ಚೆನ್ನಾಗಿಯೇ ಇತ್ತು. ಹುಮ್ಮಸ್ಸಿನಲ್ಲಿ ಇನ್ನೊಂದು ಸುತ್ತು ಹಾಕಿದರು. ಮರುದಿನ ಬೆಳಿಗ್ಗೆ ಬಚ್ಚಲಿಗೆ ಬೆರಳ ತುದಿಯ ಮೇಲೆ ಹೋಗಬೇಕಾಯಿತು.

ಆಗ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಗೊಂದಲ ಇನ್ನೂ ಹೆಚ್ಚಿತು.

ಹದಡಿಯಿಂದ ಅಂಗಡಿಗೆ ಮಾಲು ತಂದಿದ್ದ ರೈತ ಮಾಳಿಂಗಪ್ಪ ಎಕ್ಕದ ಎಲೆ ಕಿತ್ತುಕೊಂಡು ಬಂದ. "ಇಟ್ಟಿಗಿ ಕಾಯ್ಸಿ, ಅದರ ಮ್ಯಾಲೆ ಎಲೆ ಇಟ್ಟು ಹಿಮ್ಮಡಿ ಊರ್ರಿ ಅಕ್ಕಾರ. ನಮ್ಮವ್ವಂದು ಹಂಗೇ ಹೋತು" ಎಂದ. ಬಕ್ಕೇಶಪ್ಪನವರೇ ಇಟ್ಟಿಗೆ ಕಾಯಿಸಿ ತಂದಿಟ್ಟರು. ಊರುವಾಗ ಹಿತವಾಗಿತ್ತು. ರಶ್ಮಿತಾ ಮೊಬೈಲಿನಲ್ಲಿ ಓದಿ, "ಬಿಸಿ ಬ್ಯಾಡ ಅತ್ತೆ, ಐಸ್ ಇಡ್ಬೇಕಂತೆ" ಎಂದು ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ತಂದಳು. ಅದನ್ನು ಅಂಗಾಲಿನ ಕೆಳಗೆ ಉರುಳಿಸಿದರೆ ಅದೂ ಹಿತವಾಗಿತ್ತು. ಅತ್ತೆ ಕೊಟ್ರವ್ವ ತಮ್ಮ ಮೂಲೆಯಿಂದ, "ಉಕ್ಕಡಗಾತ್ರಿ ಅಜ್ಜಯ್ಯಗೆ ಬೇಡ್ಕೋ" ಎಂದರು. ಶಕುಂತಲಮ್ಮ ಆ ದೇವರ ಪಟಕ್ಕೆ ಕೈಮುಗಿದು ಬೇಡಿಕೊಂಡರು. ಹಗಲಿಗೆ ಬಿಸಿ, ಸಂಜೆಗೆ ತಂಪು, ಮಲಗುವಾಗ ಅಜ್ಜಯ್ಯ. ಬೆಳಿಗ್ಗೆ ಮುಳ್ಳು ಇದ್ದೇ ಇತ್ತು.

ಶಿವಕುಮಾರ ಅವರನ್ನು ಊರಿನ ಒಬ್ಬ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದ. ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಹಿಮ್ಮಡಿಯ ಕೆಳಗೆ ಹಕ್ಕಿಯ ಕೊಕ್ಕಿನಂತೆ ಚಾಚಿದ್ದ ಒಂದು ಚೂರನ್ನು ತೋರಿಸಿದರು.

"ಮೂಳೆ ಬೆಳೆದಿದೆ ನೋಡಿ. ಸದ್ಯ ಮಾತ್ರೆ ತಗೊಳ್ಳಿ, ರೆಸ್ಟ್ ಮಾಡಿ. ಕಮ್ಮಿ ಆಗದಿದ್ರೆ ಇಂಜೆಕ್ಷನ್ ಕೊಡೋಣ."

"ಟೂರು ಐತ್ರೀ. ನಡೀಬೇಕು."

"ಅದನ್ನ ಮುಂದಕ್ಕೆ ಹಾಕಿದ್ರೆ ಒಳ್ಳೇದು" ಎಂದು ಅವರು ಮುಂದಿನವರನ್ನು ಕರೆದರು.

ಮೂಳೆ ಬೆಳೆದಿದೆ ಎಂಬ ಮಾತು ಶಕುಂತಲಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಬೆಳೆದದ್ದು ಇನ್ನೂ ಬೆಳೆಯುತ್ತದೆಯೇ? ಎಲ್ಲಿಯವರೆಗೆ? ಹೆಜ್ಜೆ ಇಟ್ಟಾಗಲೆಲ್ಲ ಆ ಕೊಕ್ಕು ಮಾಂಸವನ್ನು ಕುಕ್ಕುತ್ತಿದೆ ಅನ್ನಿಸಿ ಕಾಲಿಡುವುದಕ್ಕೇ ಹೆದರಿಕೆಯಾಯಿತು. ಬಕ್ಕೇಶಪ್ಪನವರು ಎಕ್ಸ್‌ರೇ ನೋಡಿ, "ಡಾಕ್ಟ್ರೇ ಹೇಳ್ಯಾರಲ್ಲ. ಮುಂದಿನ ವರ್ಷ ಹೋದ್ರಾತು" ಎಂದರು. ಆ ದನಿಯಲ್ಲಿ ನೆಮ್ಮದಿ ಇತ್ತೇ? ಇತ್ತು ಅನ್ನಿಸಿತು. ಇಲ್ಲ, ಕಾಳಜಿಯೇ ಇರಬೇಕು ಅಂತಲೂ ಅನ್ನಿಸಿತು. ಇಟ್ಟಿಗೆ ಕಾಯಿಸಿ ತಂದವರೂ ಅವರೇ ಅಲ್ಲವೇ.

ದ್ರಾಕ್ಷಾಯಣಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ಫೋನಿನಲ್ಲಿ ಹೇಳಲು ಮನಸ್ಸಾಗದೆ ಹರಿಹರದ ಬಸ್ಸು ಹತ್ತಿದರು. ಗೆಳತಿ ಕುಂಟುವುದನ್ನು ಕಂಡ ದ್ರಾಕ್ಷಾಯಣಮ್ಮ ಮಾತು ಮುಗಿಸಲೂ ಬಿಡದೆ, ತಮ್ಮ ಹಳೆಯ ವಿದ್ಯಾರ್ಥಿನಿ ನಿಖತ್‌ಳ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನಿಖತ್ ಫಿಸಿಯೋಥೆರಪಿ ಓದಿ ಹರಿಹರದಲ್ಲೇ ಕೆಲಸ ಮಾಡುತ್ತಿದ್ದಳು. ಅವಳು ಪಾದವನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ, ಹಿಮ್ಮಡಿಯ ಒಳಬದಿಯನ್ನು ಒತ್ತಿದಳು. ಶಕುಂತಲಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ಇಲ್ಲೇ ಐತೆ ಆಂಟಿ" ಎಂದಳು ನಿಖತ್. "ಹಿಮ್ಮಡಿಯಿಂದ ಬೆರಳಿನ ತನಕ ಅಂಗಾಲಾಗೆ ಒಂದು ಪಟ್ಟಿ ಇರ್ತದೆ. ರಾತ್ರಿ ಮಲಗಿದಾಗ ಅದು ಮುದುಡಿಕೊಂಡಿರ್ತದೆ. ಬೆಳಿಗ್ಗೆ ನೀವು ಒಮ್ಮೆಲೇ ಮೈಭಾರ ಹಾಕ್ತೀರಿ, ಜಗ್ತದೆ. ನಾಕು ಹೆಜ್ಜೆ ನಡೆದ್ರೆ ಸಡಿಲ ಆಗ್ತದೆ. ಜಾಸ್ತಿ ನಡೆದ್ರೆ ಮತ್ತೆ ಸಿಟ್ಟಿಗೇಳ್ತದೆ."

"ಅಲ್ಲಮ್ಮಾ, ಮೂಳೆ ಬೆಳೆದೈತಲ್ಲ?"

"ಬೆಳೆದೈತೆ. ಆದ್ರೆ ನೋವು ಅದರಿಂದ್ಲೇ ಅಂತ ಹೇಳಾಕೆ ಬರಲ್ಲ. ಮೂಳೆ ಬೆಳೆದೂ ನೋವಿಲ್ದೆ ಓಡಾಡೋರು ಎಷ್ಟೋ ಮಂದಿ ಅದಾರೆ."

"ಹಂಗಾರೆ ಡಾಕ್ಟ್ರು ಹೇಳಿದ್ದು ಸುಳ್ಳೇನು?"

"ಸುಳ್ಳಲ್ಲ ಆಂಟಿ. ಅವರು ಕಂಡಿದ್ದು ಹೇಳ್ಯಾರೆ. ಇಂಜೆಕ್ಷನ್ನು ಬೇಕಾದ್ರೆ ಆಮೇಲೆ ಐತೆ. ಮೊದ್ಲು ಇದನ್ನ ಮಾಡಿ ನೋಡೋಣ."

ಮಂಚದಿಂದ ಇಳಿಯುವ ಮೊದಲು ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದು ಹಿಡಿಯುವುದು, ಗೋಡೆಗೆ ಕೈ ಊರಿ ಮೀನಖಂಡ ಹಿಗ್ಗಿಸುವುದು, ತಂಪು ಬಾಟಲಿ ಉರುಳಿಸುವುದು ಎಲ್ಲವನ್ನೂ ಅವಳು ಮಾಡಿ ತೋರಿಸಿದಳು. ನಡೆಯುವುದನ್ನು ಬಿಡುವುದೂ ಬೇಡ, ಹಟಕ್ಕೆ ಬಿದ್ದು ನಡೆಯುವುದೂ ಬೇಡ. ಬೆಳಿಗ್ಗೆ ನೋವು ಹೆಚ್ಚಿದ್ದರೆ ಅಂದು ಕಡಿಮೆ ನಡೆಯಿರಿ ಎಂದಳು. ಬಹಳ ನಡೆಯುವ ದಿನ ಅಂಗಾಲಿಗೆ ಟೇಪು ಸುತ್ತುವುದನ್ನು ದ್ರಾಕ್ಷಾಯಣಮ್ಮನಿಗೆ ಕಲಿಸಿದಳು. ಟೀಚರಮ್ಮ ಎರಡು ಸಲ ತಪ್ಪು ಸುತ್ತಿ ಶಿಷ್ಯೆಯಿಂದ ಬೈಸಿಕೊಂಡರು.

"ಇನ್ನೊಂದು. ಬರಿಗಾಲಾಗೆ ನಿಲ್ಲಬ್ಯಾಡ್ರಿ. ಮನ್ಯಾಗೂ ಮೆತ್ತನ್ನ ಚಪ್ಪಲಿ ಹಾಕ್ಕೊಳ್ರಿ. ಅಡುಗೆಮನ್ಯಾಗಂತೂ ಹಾಕ್ಕೊಳ್ಲೇಬೇಕು."

"ಅಡುಗೆಮನ್ಯಾಗೆ ಚಪ್ಲಿ!" ಶಕುಂತಲಮ್ಮನಿಗೆ ಮೂಳೆಗಿಂತ ಇದು ದೊಡ್ಡದಾಗಿ ಕಂಡಿತು.

ಅಲ್ಲಿಂದ ಇಬ್ಬರೂ ಹೊಳೆಯ ದಂಡೆಗೆ ಹೋಗಿ ಕೂತರು. ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು.

"ದ್ರಾಕ್ಷೀ, ನಾ ಬರಲೋ ಬ್ಯಾಡೋ?"

"ನನ್ನ ಕೇಳಿದ್ರೆ? ಬರಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಸೀಟಿಗೆ ಕಾಯೋರು ಅದಾರೆ." ಹೊಳೆಗೆ ಒಂದು ಕಲ್ಲೆಸೆದು ದ್ರಾಕ್ಷಾಯಣಮ್ಮ ಮತ್ತೆ ಅಂದರು, "ಬ್ಯಾಡ, ಹೇಳಬ್ಯಾಡ. ಹೊರಡೋ ದಿನ ಹೇಳು."

ದಾವಣಗೆರೆಗೆ ಬಂದವರು ಒಂದು ಜೊತೆ ಮೆತ್ತನೆಯ ಚಪ್ಪಲಿ ಕೊಂಡರು. ಹೊರಗೆ ಒಮ್ಮೆಯೂ ಮೆಟ್ಟದೆ ತೊಳೆದು, ಒರೆಸಿ, ಹೊಸ್ತಿಲ ಒಳಗಿಟ್ಟರು. ಮರುದಿನ ಅದನ್ನು ಹಾಕಿಕೊಂಡು ಅಡುಗೆಮನೆಗೆ ಹೋದರು. ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ ಕೊಟ್ರವ್ವ ನೋಡಿದರು. ಸೊಸೆಯ ಮುಖ ನೋಡಲಿಲ್ಲ, ಕಾಲನ್ನೇ ನೋಡಿದರು. ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟ ಬಡಿಸುವಾಗಲೂ ಅವರ ಕಣ್ಣು ಚಪ್ಪಲಿಯ ಮೇಲೇ ಇತ್ತು. ಬಯ್ದಿದ್ದರೆ ಶಕುಂತಲಮ್ಮ ಉತ್ತರ ಕೊಡುತ್ತಿದ್ದರು. ಡಾಕ್ಟರು, ನಿಖತ್, ಪಟ್ಟಿ ಎಲ್ಲವನ್ನೂ ಹೇಳಲು ಸಿದ್ಧ ಮಾಡಿಕೊಂಡಿದ್ದರು. ಆ ಮೌನಕ್ಕೆ ಏನು ಉತ್ತರ ಕೊಡುವುದು?

ಸಂಜೆ ಬಕ್ಕೇಶಪ್ಪನವರು ಮೇಲೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಅವ್ವಗೆ ಬ್ಯಾಸರ ಆಗೈತೆ ಕಣೆ. ಪೂಜಿ ಮಾಡೋ ಮನ್ಯಾಗೆ ಚಪ್ಲಿ ಅಂದ್ರೆ…"

"ಅತ್ತೆ ಹಂಗಂದ್ರಾ?"

"ಅನ್ಬೇಕೇನು? ನೋಡಿದ್ರೆ ಗೊತ್ತಾಗಲ್ವಾ?"

ಶಕುಂತಲಮ್ಮ ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದರು. ವಾರವೊಂದು ಹಾಗೆ ಹೋಯಿತು. ಬೆಳಿಗ್ಗೆ ಬೆರಳೆಳೆದು ಗೋಡೆಗೆ ನಿಂತು ಗಳಿಸಿದ್ದನ್ನು ಅಡುಗೆಮನೆಯ ಗ್ರಾನೈಟಿನ ನೆಲ ಮಧ್ಯಾಹ್ನಕ್ಕೇ ಕಿತ್ತುಕೊಳ್ಳುತ್ತಿತ್ತು. ರೊಟ್ಟಿ ಬಡಿಯುವಾಗ ಎಡಗಾಲಿನ ಮೇಲೇ ನಿಂತು ನಿಂತು ಆ ಕಡೆಯ ಸೊಂಟವೂ ಹಿಡಿಯಿತು. ಹೋಗುವುದು ಬೇಡ ಎಂದು ನಿರ್ಧಾರ ಮಾಡಿ ನಿಟ್ಟುಸಿರು ಬಿಟ್ಟರೆ ಹಗುರಾಗುವ ಬದಲು ಅಳು ಬರುತ್ತಿತ್ತು. ಹೋಗುತ್ತೇನೆ ಅಂದುಕೊಂಡರೆ, ಅಲ್ಲಿ ಮೆಟ್ಟಿಲ ಮಧ್ಯೆ ಕೂತುಬಿಟ್ಟರೆ ಬಸ್ಸಿನವರಿಗೆಲ್ಲ ತಾನೊಂದು ಹೊರೆ ಎಂಬ ಹೆದರಿಕೆ. ತನಗೆ ನಿಜವಾಗಿ ನೋಯುತ್ತಿರುವುದು ಕಾಲೋ, ಹೋಗಲಾಗದಿದ್ದರೆ ಎಂಬ ಯೋಚನೆಯೋ ಎಂಬುದೂ ಒಂದೊಂದು ಸಲ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೊಟ್ರವ್ವ ಕರೆದರು. "ಶಕುಂತ್ಲಾ, ಇಲ್ ಬಾ. ಕಾಲಿಗೆ ಹಾಕ್ಕೊಂಡಿದ್ಯಲ್ಲ, ಮೆತ್ತಂದು, ಎಲ್ಲಿ ಅದು?"

"ತೆಗೆದಿಟ್ಟೀನಿ ಅತ್ತೆ. ಇನ್ನ ಹಾಕಲ್ಲ."

"ಯಾಕ? ಹರೀತೇನು?"

"ಇಲ್ಲ, ನಿಮಗೆ ಬ್ಯಾಸರ ಅಂತ…"

"ನಂಗ್ಯಾಕ ಬ್ಯಾಸರ?" ಮುದುಕಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಾನು ಅವತ್ತಿಂದ ಕೇಳ್ಬೇಕು ಅಂತಿದ್ದೆ. ನಂಗೂ ಒಂದು ಜೊತೆ ತರ್ಸು. ಬಚ್ಚಲಿಗೆ ಹೋಗಿ ಬರೋದ್ರಾಗೆ ಈ ಕಲ್ಲು ಕಾಲನ್ನ ಮರಗಟ್ಟಿಸ್ತೈತೆ. ಕೇಳಾಕೆ ಒಂಥರಾ ಆತು. ಪೂಜಿಗೆ ಕೂತಾಗ ತೆಗೆದಿಟ್ರಾತು, ನಮ್ಮ ದೇವ್ರು ಲಿಂಗಪ್ಪಗೆ ಅಷ್ಟು ತಿಳಿಯಲ್ವಾ?"

ಶಕುಂತಲಮ್ಮನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅತ್ತೆಯ ಮೇಲಿನ ಸಿಟ್ಟಲ್ಲ. ಅವರು ಮಂಚದ ಕೆಳಗಿನ ಚಪ್ಪಲಿ ತೆಗೆದು ಹಾಕಿಕೊಂಡು, ಕಂಬಿ ಹಿಡಿದು ಮೆಟ್ಟಿಲಿಳಿದು, ಅಂಗಡಿಯ ಹಿಂದಿನ ಕೋಣೆಗೆ ಹೋದರು. ಬಕ್ಕೇಶಪ್ಪನವರು ಒಬ್ಬರೇ ಇದ್ದರು. ಮೆಣಸಿನ ಘಾಟಿಗೆ ಶಕುಂತಲಮ್ಮನ ಕಣ್ಣಲ್ಲಿ ನೀರು ಬಂತು.

"ಏನ್ರೀ, ಅತ್ತೆಗೆ ಬ್ಯಾಸರ ಇರಲಿಲ್ಲ. ನಿಮಗೈತಿ. ನಾ ಹೋಗೋದು ನಿಮಗೆ ಬ್ಯಾಡ ಅಲ್ಲೇನು?"

ಬಕ್ಕೇಶಪ್ಪನವರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮುರಿದು, ಬೀಜ ನೋಡಿ, ಕೆಳಗಿಟ್ಟರು. "ಬ್ಯಾಡ ಅಂತ ನಾ ಅಂದೀನೇನು?"

"ಬೇಕು ಅಂತಲೂ ಅಂದಿಲ್ಲ. ನೆಟ್ಟಗೆ ಹೇಳ್ರಿ."

ಅವರು ಮುರಿದ ಕಾಯಿಯ ಬೀಜಗಳನ್ನು ಬೆರಳಿನಿಂದ ಒಂದು ಕಡೆ ಸರಿಸಿದರು. ಆಮೇಲೆ, "ಗೊತ್ತಿಲ್ಲ ಶಕುಂತ್ಲಾ" ಎಂದರು. "ನಿನ್ನ ಕಾಲು ವಾಸಿ ಆಗ್ಲಿ ಅಂತ್ಲೂ ಅನಿಸ್ತೈತೆ. ಎಕ್ಸ್‌ರೇ ನೋಡಿದಾಗ, ಇನ್ನ ಹೋಗಲ್ಲ ಬಿಡು ಅಂತ ಸಮಾಧಾನಾನೂ ಆತು. ಎರಡೂ ಒಟ್ಟಿಗೆ ಆತು. ನೀ ಅಲ್ಲಿ ಹೋಗಿ ಏನು ಮಾಡ್ತಿ, ಯಾರ ಜೊತಿ ಏನು ಮಾತಾಡ್ತಿ, ಅದು ನನ್ನ ಕಣ್ಣಿಗೆ ಕಟ್ಟಲ್ಲ. ತವರಿಗೆ ಹೋದ್ರೆ ಕಟ್ತಿತ್ತು."

"ನನ್ನ ಕಣ್ಣಿಗೂ ಕಟ್ಟಲ್ರೀ" ಎಂದಷ್ಟೇ ಹೇಳಿ ಶಕುಂತಲಮ್ಮ, ಸ್ವಲ್ಪ ಹೊತ್ತು ಅಲ್ಲೇ ಖಾಲಿ ಚೀಲಗಳ ಮೇಲೆ ಕೂತು, ಮೇಲೆ ಬಂದರು.

ಅಂದಿನಿಂದ ಮನೆಯಲ್ಲಿ ಎರಡು ಜೊತೆ ಚಪ್ಪಲಿ ಓಡಾಡಿದವು. ಹೊರಡುವ ದಿನ ಬಂದಾಗ ಹಿಮ್ಮಡಿ ವಾಸಿಯಾಗಿರಲಿಲ್ಲ, ಆದರೆ ಬಚ್ಚಲಿಗೆ ಪೂರ್ತಿ ಪಾದ ಊರಿ ಹೋಗಬಹುದಿತ್ತು. ದ್ರಾಕ್ಷಾಯಣಮ್ಮ ಫೋನು ಮಾಡಿ "ಏನಾತು?" ಎಂದಾಗ ಶಕುಂತಲಮ್ಮ, "ಗೊತ್ತಾಗ್ವಲ್ದು. ಬರ್ತೀನಿ" ಎಂದರು.

ಅಜಂತಾದಲ್ಲಿ ಮೆಟ್ಟಿಲು ಹತ್ತುವ ಮೊದಲು ದ್ರಾಕ್ಷಾಯಣಮ್ಮ ಗೆಳತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಟೇಪು ಸುತ್ತಿದರು. ಅಲ್ಲಲ್ಲಿ ಕೂತು, ನಿಧಾನವಾಗಿ ಹತ್ತಿ, ಇಬ್ಬರೂ ಎಲ್ಲರಿಗಿಂತ ಹಿಂದೆ ಮೊದಲನೆಯ ಗುಹೆ ತಲುಪಿದರು. ಬಾಗಿಲಲ್ಲಿ ಕಾವಲಿನವನು ಕಾಲಿನ ಕಡೆ ಕೈ ತೋರಿಸಿದ. ಒಳಗೆ ಚಿತ್ರಗಳಿವೆ, ಚಪ್ಪಲಿ ಬೂಟು ಹೊರಗೆ ಬಿಡಬೇಕು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ತಿಂಗಳು ಯೋಚಿಸಿದ್ದೆಲ್ಲ ಚಪ್ಪಲಿಯ ಬಗ್ಗೆ. ಬಿಡಬೇಕಾದೀತು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಪಾಠದಾಗೆ ಇದು ಇರ್ಲಿಲ್ಲ ಕಣೆ" ಎಂದರು ದ್ರಾಕ್ಷಾಯಣಮ್ಮ, ತಮ್ಮದೇ ತಪ್ಪೆಂಬಂತೆ. "ನೀ ಹೊರಗೆ ಕೂಡ್ತಿಯೇನು?"

ಶಕುಂತಲಮ್ಮ ಕಲ್ಲಿನ ನೆಲವನ್ನೂ ತಮ್ಮ ಟೇಪು ಸುತ್ತಿದ ಕಾಲನ್ನೂ ನೋಡಿದರು. ಕಾಲುಚೀಲ ಎಳೆದುಕೊಂಡು, ಗೆಳತಿಯ ಭುಜ ಹಿಡಿದು ಒಳಗೆ ಹೋದರು. ಕತ್ತಲೆ. ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಮಂದ ಬೆಳಕಿನಲ್ಲಿ, ಕೈಯಲ್ಲಿ ತಾವರೆ ಹಿಡಿದು ತಲೆ ಬಾಗಿಸಿದ ಒಬ್ಬ ಗೋಡೆಯ ಮೇಲೆ ಮೂಡಿದ. ಸುತ್ತ ಬಣ್ಣ ಉದುರಿತ್ತು. ಶಕುಂತಲಮ್ಮ ಗೆಳತಿ ಏನಾದರೂ ಹೇಳುತ್ತಾಳೆಂದು ಕಾದರು. ದ್ರಾಕ್ಷಾಯಣಮ್ಮ ಆ ಮುಖವನ್ನೇ ನೋಡುತ್ತಿದ್ದರು.

"ಏನಾತೇ?"

"ನಾ ಹುಡುಗ್ರಿಗೆ ಬ್ಯಾರೆನೇ ಹೇಳಿದ್ದೆ" ಎಂದರು ದ್ರಾಕ್ಷಾಯಣಮ್ಮ. "ಭಾರಿ ದೊಡ್ಡದು, ಝಗಝಗ ಅಂತೈತೆ ಅಂದಿದ್ದೆ. ಇವನು ನೋಡಿದ್ರೆ, ಯಾರದ್ದೋ ಕಷ್ಟ ಕೇಳ್ಕೊಂತ ನಿಂತಂಗೆ ಅದಾನೆ. ಇಷ್ಟು ವರ್ಷ ನಾ ಏನು ಪಾಠ ಮಾಡಿದೆ ಶಕ್ಕೂ?"

ಆಗಲೇ ಶಕುಂತಲಮ್ಮನ ಹಿಮ್ಮಡಿ ನೋಯಲು ಶುರುವಾಗಿತ್ತು. ಆದರೂ ಗೆಳತಿ "ನಡಿ" ಎನ್ನುವವರೆಗೆ ಮೈಭಾರವನ್ನು ಎಡಗಾಲಿಗೆ ಬಿಟ್ಟುಕೊಂಡು ಅಲ್ಲೇ ನಿಂತರು. ಉಳಿದ ಗುಹೆಗಳಲ್ಲಿ ಅರ್ಧದಷ್ಟನ್ನು ಹೊರಗಿನ ಕಟ್ಟೆಯ ಮೇಲೆ ಕೂತೇ ಕಳೆದರು.

ನೋವು ಪೂರ್ತಿ ಬಿಡಲು ಊರಿಗೆ ಮರಳಿದ ಮೇಲೂ ತಿಂಗಳುಗಳೇ ಬೇಕಾದವು. ಆದರೆ ಎಲ್ಲೋರಾದಲ್ಲಿ, ಮರುದಿನ, ಅವರು ಅದರ ಜೊತೆ ಒಂದು ಒಪ್ಪಂದಕ್ಕೆ ಬಂದರು. ಕೈಲಾಸ ದೇವಾಲಯ ಒಂದನ್ನೇ ನೋಡುತ್ತೇನೆ, ಉಳಿದದ್ದಕ್ಕೆ ನೀವು ಹೋಗಿಬನ್ನಿ ಎಂದರು. ದ್ರಾಕ್ಷಾಯಣಮ್ಮ ಹೋಗಲೋ ಇರಲೋ ಎಂದು ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಕೊನೆಗೆ ಹೋದರು. ಒಂದೇ ಬೆಟ್ಟದಲ್ಲಿ ಕಡೆದ ಆ ಅಂಗಳದಲ್ಲಿ ಶಕುಂತಲಮ್ಮ ಒಬ್ಬರೇ ಕಲ್ಲಿನ ಮೇಲೆ ಕೂತರು. ತಮ್ಮನ್ನು ಏನಾದರೂ ಕೇಳಲು, ಬೇಡಲು, ಕರೆಯಲು ಅಲ್ಲಿ ಯಾರೂ ಇರಲಿಲ್ಲ. ಅದು ಸುಖವೋ ಭಯವೋ ಎಂದು ಅವರು ಯೋಚಿಸುತ್ತಿರುವಾಗ ಫೋನು ಬಂತು. ಬಕ್ಕೇಶಪ್ಪನವರು.

"ಕಾಲು ಹೆಂಗೈತೆ?"

"ಏನು ಹೇಳ್ಲಿ. ಕೂತ್ರೆ ಸುಮ್ನಿರ್ತೈತೆ, ಎದ್ರೆ ಚುಚ್ತೈತೆ, ನಡೆದ್ರೆ ಬಿಡ್ತೈತೆ."

"ಮತ್ತೆ ಏನು ಮಾಡ್ತಿ?"

"ಕೂರ್ತೀನಿ, ಏಳ್ತೀನಿ."

ಆ ಕಡೆ ಚೀಲ ಎತ್ತಿಹಾಕುವ ಸದ್ದು ಕೇಳಿತು. ಬಕ್ಕೇಶಪ್ಪನವರು ಫೋನು ಇಡಲಿಲ್ಲ. "ಈಗ ಏನು ನೋಡ್ತಾ ಇದೀಯ?"

"ಆನೆ. ಕಲ್ಲಿಂದು. ಪಾಪ, ಸೊಂಡ್ಲು ಮುರಿದೈತೆ."

"ಎಷ್ಟು ದೊಡ್ಡದೈತೆ?"

ದೂರದಿಂದ ಅಳತೆ ಸಿಗಲಿಲ್ಲ. "ತಡೀರಿ, ಹತ್ರ ಹೋಗಿ ನೋಡ್ತೀನಿ" ಎಂದು ಶಕುಂತಲಮ್ಮ ಕಾಲ್ಬೆರಳುಗಳನ್ನು ಮೇಲಕ್ಕೆಳೆದು ಹಿಡಿದು ಬಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡೇ ಎದ್ದು ಆನೆಯ ಕಡೆ ನಡೆದರು.